ನೆಲದಲ್ಲಿ ನಿಲ್ಲದ ಅಯೋಡಿನ್

ಮಣ್ಣು ಪರೀಕ್ಷಾ ಕೇಂದ್ರದ ಹಿಂದಿನ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನೂ ತೆರೆಯುವಂತಿರಲಿಲ್ಲ, ತೆರೆದರೆ ಗಾಳಿಗೆ ಒಬ್ಬನ ಹೊಲ ಹಾರಿ ಇನ್ನೊಬ್ಬನ ಹೊಲದ ಮೇಲೆ ಕೂರುತ್ತಿತ್ತು. ಆ ಸೆಕೆಯಲ್ಲೇ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅವಳು ಮದುವೆಗೂ ಮುಂಚಿನಿಂದ ಹೆಂಟೆ ಕುಟ್ಟುತ್ತ ಬಂದಿದ್ದಳು. ಚೀಲದಲ್ಲಿ ಬಂದ ಮಣ್ಣನ್ನು ತಟ್ಟೆಗಳಲ್ಲಿ ಹರಡಿ ಒಣಗಿಸಬೇಕು, ಬೇರು ಕಲ್ಲು ಆರಿಸಬೇಕು, ಕುಟ್ಟಬೇಕು, ಜರಡಿ ಹಿಡಿಯಬೇಕು, ಡಬ್ಬಿಗೆ ತುಂಬಿ ಚೀಟಿ ಅಂಟಿಸಬೇಕು. ಅಷ್ಟರಲ್ಲಿ ಬಾಗಿಲ ಬಳಿ ಮತ್ತೊಂದು ರಾಶಿ ಚೀಲ ಬಂದು ಬಿದ್ದಿರುತ್ತಿತ್ತು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಜರಡಿಯಕ್ಕ ಅನ್ನುತ್ತಿದ್ದರು. ಸಂಬಳದ ಹಾಳೆಯೊಂದನ್ನು ಬಿಟ್ಟರೆ ಅವಳ ನಿಜವಾದ ಹೆಸರಿಗೆ ಬೇರೆಲ್ಲೂ ಕೆಲಸವಿರಲಿಲ್ಲ.

ಗಂಡ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಊರಿನ ನಲ್ಲಿಗಳು ಬತ್ತಿದ ಬೀದಿಗಳಿಗೆಲ್ಲ ಅವನೇ ನೀರು. ಸಂಜೆ ಅವನು ಮೊಣಕಾಲವರೆಗೆ ಒದ್ದೆಯಾಗಿ ಬರುತ್ತಿದ್ದ, ಇವಳು ಹುಬ್ಬಿನವರೆಗೆ ಧೂಳಾಗಿ. "ನಮ್ಮಿಬ್ಬರನ್ನೂ ಕಲಸಿಬಿಟ್ರೆ ಒಂದು ಗೋಡೆ ಕಟ್ಟಬಹುದು ಕಣೇ" ಅನ್ನುತ್ತಿದ್ದ. ಮೊದಮೊದಲು ಅವಳು ನಗುತ್ತಿದ್ದಳು. ಆಮೇಲೆ ನಗುವುದಕ್ಕೂ ಕೆಮ್ಮು ಅಡ್ಡ ಬರತೊಡಗಿತು. ಮಕ್ಕಳಾಗಲಿಲ್ಲ. ಅವಳು ಸಾಕಿದ್ದು ತಂಗಿಯೊಬ್ಬಳನ್ನೇ. ಅಮ್ಮ ತೀರಿಕೊಂಡಾಗ ತಂಗಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ತಲೆ ಬಾಚಿ, ಶಾಲೆಗೆ ಕಳಿಸಿ, ಜ್ವರ ಬಂದಾಗ ಪಕ್ಕದಲ್ಲಿ ಕೂತು ಬೆಳೆಸಿ, ಕೊನೆಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿಯಿದ್ದ ಒಂದು ಒಣ ಹಳ್ಳಿಗೆ ಮದುವೆ ಮಾಡಿ ಕಳಿಸಿದ್ದಳು.

ಆ ಹಳ್ಳಿಯ ನೆಲವೆಲ್ಲ ಮರಳು. ಒಂದು ಬದಿಗೆ ಬತ್ತಿದ ಉಪ್ಪು ಕೆರೆ. ಅಂಗಡಿಯಿಂದ ಯಾರೂ ಉಪ್ಪು ತರುತ್ತಿರಲಿಲ್ಲ, ಕೆರೆಯಂಗಳ ಕೆರೆದು ತಂದರೆ ಮನೆಗೆ ಸಾಕಾಗುತ್ತಿತ್ತು. ತಂಗಿಯ ಗಂಡ ದೂರದ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದ, ಆಗೊಮ್ಮೆ ಈಗೊಮ್ಮೆ ಬಂದು ಹೋಗುವವನು. ಮನೆಯಲ್ಲಿ ತಂಗಿ, ಅವಳ ಅತ್ತೆ, ಒಂದು ಹಿಂಡು ಆಡು, ಬಾವಿಯ ಪಕ್ಕ ಎರಡು ತುಂಡು ಹೊಲ.

ಒಂದು ಬೇಸಿಗೆಯಲ್ಲಿ ಜರಡಿಯಕ್ಕ ಅಲ್ಲಿಗೆ ಹೋದಾಗ ಅಂಗಳದಲ್ಲೇ ಅತ್ತೆ ದೂರು ಶುರು ಮಾಡಿದಳು.

"ಬಾಮ್ಮ, ನಿನ್ನ ತಂಗೀನ ನೋಡು. ಹೊತ್ತು ನೆತ್ತಿಗೆ ಬಂದ್ರೂ ಹಾಸಿಗೆ ಬಿಡಲ್ಲ. ಎರಡು ಕೊಡ ನೀರು ಸೇದಿದ್ರೆ ಕೂತ್ಕೋತಾಳೆ. ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?"

ಒಳಗೆ ತಂಗಿ ಆ ಬಿಸಿಲಲ್ಲೂ ಶಾಲು ಹೊದ್ದು ಕೂತಿದ್ದಳು. ಮುಖ ಊದಿಕೊಂಡಂತಿತ್ತು. ಮಾತಾಡಿದರೆ ದನಿ ಎಲ್ಲೋ ಕೆಳಗಿನಿಂದ ತಡವಾಗಿ ಬರುತ್ತಿತ್ತು.

"ಅತ್ತೆ ಹೇಳೋದು ಸುಳ್ಳಲ್ಲ ಅಕ್ಕಾ. ನಂಗೆ ಆಗಲ್ಲ. ಮಲಗಿ ಎದ್ರೂ ಮಲಗಿದ ಹಾಗೇ ಇರಲ್ಲ."

ಶಾಲು ಸರಿಸಿದಾಗ ಜರಡಿಯಕ್ಕನಿಗೆ ಕಂಡದ್ದು ಕತ್ತು. ಗಂಟಲ ಕೆಳಗೆ ಎರಡೂ ಕಡೆ ಉಬ್ಬಿತ್ತು. ಅಂಥದ್ದೇ ಉಬ್ಬನ್ನು ಅವಳು ಆಗಷ್ಟೇ ಕೊಟ್ಟಿಗೆಯಲ್ಲಿ ನೋಡಿ ಬಂದಿದ್ದಳು. ಆ ಬೆಳಿಗ್ಗೆ ಹುಟ್ಟಿದ ಆಡಿನ ಮರಿ, ಮೈಮೇಲೆ ಸರಿಯಾಗಿ ಕೂದಲಿಲ್ಲದ್ದು, ಕತ್ತು ದಪ್ಪಗಿದ್ದದ್ದು, ಮಧ್ಯಾಹ್ನದೊಳಗೆ ಸತ್ತಿತ್ತು. ಆ ವರ್ಷ ಹುಟ್ಟಿದ ಮರಿಗಳಲ್ಲಿ ಬಹುಪಾಲು ಹಾಗೇ ಹೋದವಂತೆ.

ತಂಗಿಯನ್ನು ಜೊತೆಗೇ ಕರೆದುಕೊಂಡು ಬಂದು ಊರಿನ ಆಸ್ಪತ್ರೆಯಲ್ಲಿ ತೋರಿಸಿದಳು. ವೈದ್ಯರು ವಯಸ್ಸಾದವರು, ಸಾವಧಾನದಿಂದ ಹೇಳುವವರು. ಇದು ಸೋಮಾರಿತನವಲ್ಲ, ಕತ್ತಿನ ಗ್ರಂಥಿಗೆ ಅಯೋಡಿನ್ ಸಿಗುತ್ತಿಲ್ಲ ಅಂದರು. "ಅಯೋಡಿನ್ ಅಂದ್ರೆ ಗಾಯಕ್ಕೆ ಹಚ್ಚೋ ಕಂದು ಟಿಂಚರ್ ಅಲ್ವಾ ಡಾಕ್ಟ್ರೇ?" ಎಂದು ಜರಡಿಯಕ್ಕ ಕೇಳಿದ್ದಕ್ಕೆ, ಅದೇ, ಆದರೆ ಊಟದಲ್ಲಿ ಕಣ್ಣಿಗೆ ಕಾಣದಷ್ಟು ಸಾಕು, ಅಷ್ಟೂ ಇಲ್ಲದಿದ್ದರೆ ಹೀಗಾಗುತ್ತದೆ ಅಂದರು. ದಿನಾ ಒಂದು ಮಾತ್ರೆ, ಅಡುಗೆಗೆ ಅಯೋಡಿನ್ ಬೆರೆಸಿದ ಅಂಗಡಿಯ ಉಪ್ಪು. ಮಾತ್ರೆ ಬಿಡಬಾರದು ಎಂದು ಎರಡೆರಡು ಸಲ ಹೇಳಿದರು. ಮಾತ್ರೆಯ ಡಬ್ಬಿ ಕೈಗಿಟ್ಟು ಜರಡಿಯಕ್ಕ ತಂಗಿಯನ್ನು ಹಳ್ಳಿಯ ಬಸ್ಸು ಹತ್ತಿಸಿದಳು.

ಅದೇ ಸುಮಾರಿಗೆ ಕೇಂದ್ರಕ್ಕೆ ಹೊಸ ಮೇಡಂ ಬಂದರು. ಸಣಕಲು ಮೈ, ಮೇಜಿನ ಮೇಲೆ ಯಾವಾಗಲೂ ಆರಿಹೋದ ಟೀ. ಆ ಒಣ ಸೀಮೆಯ ಸೊಪ್ಪಿನಲ್ಲಿ, ಮೇವಿನಲ್ಲಿ, ಹಾಲಿನಲ್ಲಿ ಅಯೋಡಿನ್ ಯಾಕಿಲ್ಲ, ನೀರಿನ ಜೊತೆ ಹೊಲಕ್ಕೇ ಕೊಟ್ಟರೆ ನಿಲ್ಲುತ್ತದೆಯೇ ಎಂದು ನೋಡುವುದು ಅವರ ಕೆಲಸ. ಮೇಡಂ ಹಳ್ಳಿಗಳ ಪಟ್ಟಿ ಓದುತ್ತಿದ್ದಾಗ ಜರಡಿಯಕ್ಕ ಕುಟ್ಟಾಣಿ ಪಕ್ಕಕ್ಕಿಟ್ಟು ಬಾಗಿಲಲ್ಲಿ ನಿಂತಳು.

"ಮೇಡಂ, ನನ್ನ ತಂಗಿ ಊರು ಸೇರಿಸ್ಕೋತೀರಾ? ಎರಡು ತುಂಡು ಹೊಲ ಇದೆ. ಬಾವಿ ನೀರು ಸಾಲಲ್ಲ ಅಂದ್ರೆ ನಮ್ಮನೆಯವರು ಟ್ಯಾಂಕರ್ ತರ್ತಾರೆ."

ಮೇಡಂ ಪಟ್ಟಿಯಿಂದ ತಲೆಯೆತ್ತಿದರು. "ತಂಗಿಗೆ ಹುಷಾರಿಲ್ವಾ ಅಕ್ಕ?" ಎಂದರು. ಇವಳು ತಲೆಯಾಡಿಸಿದಳು.

ಆ ಹೊಲದ ಮಣ್ಣು ಚೀಲದಲ್ಲಿ ಬಂದಾಗ ಅವಳೇ ಜರಡಿ ಹಿಡಿದಳು. ಕುಟ್ಟುವ ಕೆಲಸವೇ ಇರಲಿಲ್ಲ, ಸಕ್ಕರೆಯ ಹಾಗೆ ಸುರಿಯಿತು. ಮೊಳದುದ್ದದ ಪ್ಲಾಸ್ಟಿಕ್ ಕೊಳವೆಗಳ ತಳಕ್ಕೆ ಬಟ್ಟೆ ಕಟ್ಟಿ, ಕೆಲವಕ್ಕೆ ಬರೀ ಮಣ್ಣು, ಕೆಲವಕ್ಕೆ ಕೊಳೆತ ಗೊಬ್ಬರ ಬೆರೆಸಿದ ಮಣ್ಣು ತುಂಬಿ ನಿಲ್ಲಿಸಿದರು. ಮೇಲಿನಿಂದ ಅಯೋಡಿನ್ ಸೇರಿಸಿದ ನೀರು ಹುಯ್ಯುವುದು, ಕೆಳಗೆ ಸೋರಿದ್ದನ್ನು ಹಿಡಿಯುವುದು. ನೋಡಲು ಎಲ್ಲವೂ ಬರೀ ನೀರೇ. ಅದಕ್ಕೆ ಮೇಡಂ ಒಂದು ಹಳದಿ ದ್ರಾವಣ ಮಾಡಿಟ್ಟಿದ್ದರು. ಸೋರಿದ ನೀರಿನ ಕೆಲವು ಹನಿ ಅದಕ್ಕೆ ಬಿಟ್ಟರೆ, ಅಯೋಡಿನ್ ಇದ್ದಷ್ಟೂ ಬೇಗ ಹಳದಿ ಬಣ್ಣ ಮಾಯವಾಗುತ್ತಿತ್ತು.

ಬರೀ ಮಣ್ಣಿನ ಕೊಳವೆಯ ನೀರು ಬಿದ್ದದ್ದೇ ತಡ, ಹಳದಿ ಹೋಗಿ ಬೀಕರ್ ತಿಳಿಯಾಯಿತು. ಮೇಲೆ ಹುಯ್ದದ್ದೆಲ್ಲ ಕೆಳಗೆ ಬಂದುಬಿಟ್ಟಿತ್ತು, ಮರಳು ಏನನ್ನೂ ಹಿಡಿದಿರಲಿಲ್ಲ. ಗೊಬ್ಬರದ ಕೊಳವೆಯ ನೀರು ಹಾಕಿದಾಗ ಹಳದಿ ಹಾಗೇ ನಿಂತಿತು. ಮೇಡಂ ಟೀ ಕುಡಿದು ಬಂದರೂ ಹಳದಿ, ಇವಳು ಎರಡು ಡಬ್ಬಿ ತುಂಬಿ ಬಂದರೂ ಹಳದಿ.

"ಗೊಬ್ಬರ ಹಿಡ್ಕೊಂಡಿದೆ. ಕೊಳೆತ ಎಲೆ, ಹಿಕ್ಕೆ, ಬೇರು ಇದ್ರೆ ಅಯೋಡಿನ್ ಅದಕ್ಕೆ ಅಂಟಿಕೊಳ್ಳುತ್ತೆ," ಅಂದರು ಮೇಡಂ. "ನಿಮ್ಮ ತಂಗಿ ಹೊಲದಲ್ಲಿ ಅಂಥದ್ದು ಏನೂ ಇಲ್ಲ ಅಕ್ಕ. ಇರೋ ಚೂರುಪಾರನ್ನೂ ಬಿಸಿಲು ತಿಂದುಹಾಕುತ್ತೆ."

"ಹಾಗಾದ್ರೆ ಗೊಬ್ಬರ ಹಾಕಿದ್ರಾಯ್ತು?"

"ಸ್ವಲ್ಪ ಕಾಯೋಣ. ಕೊಳವೆ ಬೇರೆ, ಹೊಲ ಬೇರೆ. ಒಂದು ತುಂಡಿಗೆ ಅಳತೆಯಾಗಿ ಹಾಕೋಣ, ಇನ್ನೊಂದು ಬರಿದೇ ಇರಲಿ. ಗಿಡದಲ್ಲಿ ಏನು ಬರುತ್ತೋ ನೋಡ್ಬೇಕು."

ಜರಡಿಯಕ್ಕ ಕಾಯಲಿಲ್ಲ. ಇಷ್ಟು ವರ್ಷ ಬೇರೆಯವರ ಮಣ್ಣು ಕುಟ್ಟಿದವಳಿಗೆ ಮೊದಲ ಸಲ ತನ್ನವರಿಗೆ ಉಪಯೋಗಕ್ಕೆ ಬರುವ ಒಂದು ಮಾತು ಸಿಕ್ಕಿತ್ತು. ಆ ವಾರವೇ ಗಂಡನ ಟ್ಯಾಂಕರಿನಲ್ಲಿ ಕೂತು ಹಳ್ಳಿಗೆ ಹೋದಳು. ತಂಗಿಯನ್ನು ಹೊಲದ ಅಂಚಿಗೆ ಕರೆದು ಹೇಳಿದಳು.

"ಕೊಟ್ಟಿಗೆಯಲ್ಲಿ ಹಿಕ್ಕೆ ರಾಶಿ ಬಿದ್ದಿದೆಯಲ್ಲ, ಅದನ್ನ ಬಾವಿ ಕಡೆ ತುಂಡಿಗೆ ಹಾಕ್ಸು. ಹಾಕಿದಷ್ಟೂ ಒಳ್ಳೇದು. ನಿಮ್ಮ ಮಣ್ಣಿಗೆ ಅಯೋಡಿನ್ ಹಿಡ್ಕೊಳ್ಳೋ ಶಕ್ತಿ ಇಲ್ಲ, ಅದಕ್ಕೇ ಇಷ್ಟೆಲ್ಲ. ಹಿಡಿದು ನಿಲ್ಲಿಸಿಬಿಟ್ರೆ ಸೊಪ್ಪಲ್ಲೂ ಬರುತ್ತೆ, ಮೇವಲ್ಲೂ ಬರುತ್ತೆ, ನಿನ್ನ ಆಡುಗಳಿಗೂ ಸಿಗುತ್ತೆ."

"ನಂಗೂ?"

"ನಿಂಗೂ."

ಹಾಕಿಸುವುದಕ್ಕೆ ಆಳು ಎಲ್ಲಿದ್ದರು? ತಂಗಿಯೇ ಹೊತ್ತಳು. ವರ್ಷಗಳಿಂದ ತುಳಿದು ಗಟ್ಟಿಯಾಗಿದ್ದ ಹಿಕ್ಕೆಯನ್ನು ಗುದ್ದಲಿಯಿಂದ ಎಬ್ಬಿಸಿ, ಬುಟ್ಟಿ ಸೊಂಟಕ್ಕಿಟ್ಟು, ಬೇಲಿಯ ಕಂಬ ಕಂಬಕ್ಕೂ ನಿಂತು ಉಸಿರು ತಗೊಂಡು ಹೊಲ ಸೇರುತ್ತಿದ್ದಳು. ಬುಟ್ಟಿ ಸುರಿದ ಮೇಲೆ ಅಲ್ಲೇ ಕೂತುಬಿಡುತ್ತಿದ್ದಳು. ಅತ್ತೆ ಜಗಲಿಯಲ್ಲಿ ಕೂತು ನೋಡಿದಳು. ಮೊದಲು ಗೊಣಗಿದಳು, ಆಮೇಲೆ ಸುಮ್ಮನಾದಳು, ಒಂದು ದಿನ ಎದ್ದು ಬಂದು ತಾನೇ ಗುದ್ದಲಿ ಹಿಡಿದು ಬುಟ್ಟಿ ತುಂಬಿಸತೊಡಗಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಬಾವಿ ಕಡೆಯ ತುಂಡು ಕಪ್ಪಗಾಗಿತ್ತು. ಅದನ್ನು ನೋಡಿ ಮೇಡಂ ಹುಬ್ಬೇರಿಸಿದರು.

"ನಾನು ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಆಯ್ತಲ್ಲ ಅಕ್ಕ."

"ಇರಲಿ ಬಿಡಿ ಮೇಡಂ, ಮಣ್ಣಿಗೇನು ಹೊಟ್ಟೆ ಕೆಡುತ್ತಾ," ಎಂದು ಜರಡಿಯಕ್ಕ ತೇಲಿಸಿಬಿಟ್ಟಳು.

ಎರಡೂ ತುಂಡಿಗೆ ಒಂದು ಕಡೆ ಸೊಪ್ಪು, ಒಂದು ಕಡೆ ಮೇವಿನ ಹುಲ್ಲು ಬಿತ್ತಿದರು. ಟ್ಯಾಂಕರಿನ ನೀರಿಗೆ ಮೇಡಂ ಅಳೆದು ಅಯೋಡಿನ್ ಬೆರೆಸಿ, ಎರಡಕ್ಕೂ ಒಂದೇ ಸಮ ಬಿಡಿಸಿದರು. ಕಪ್ಪು ತುಂಡಿನಲ್ಲಿ ಬೆಳೆ ಮೊಣಕಾಲೆತ್ತರ ಬಂತು. ಹಳ್ಳಿಯಲ್ಲಿ ಅಂಥ ಹಸಿರನ್ನು ಯಾರೂ ನೋಡಿರಲಿಲ್ಲ. ದಾರಿಹೋಕರು ನಿಂತು ನೋಡಿ ಹೋಗುತ್ತಿದ್ದರು. ತಂಗಿ ದಿನಾ ಅದೇ ಸೊಪ್ಪು ಬೇಯಿಸಿದಳು, ಅದೇ ಹುಲ್ಲು ಕೊಯ್ದು ಗಬ್ಬದ ಆಡುಗಳಿಗೆ ಹಾಕಿದಳು. ಎಲೆಗಳ ಮಾದರಿ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು.

ಅಲ್ಲಿಂದ ಉತ್ತರ ಬಂದ ದಿನ ಮೇಡಂ ಹಿಂದಿನ ಕೋಣೆಗೆ ತಾವೇ ಬಂದರು. ಚೀಲಗಳ ನಡುವೆ ಜಾಗ ಮಾಡಿಕೊಂಡು ಸ್ಟೂಲಿನ ಮೇಲೆ ಕೂತರು.

"ಅಕ್ಕ, ಗೊಬ್ಬರ ಹಾಕಿದ ತುಂಡಿನ ಸೊಪ್ಪಲ್ಲಿ ಏನೂ ಇಲ್ಲ ಅನ್ನೋಷ್ಟು ಕಮ್ಮಿ ಬಂದಿದೆ. ಬರೀ ಮರಳಿನ ತುಂಡಲ್ಲೇ ಜಾಸ್ತಿ."

ಜರಡಿಯಕ್ಕ ಮುಖದ ಬಟ್ಟೆ ಬಿಚ್ಚಿದಳು. "ಹಾಗಾದ್ರೆ ಆ ತುಂಡಿಗೆ ಹಾಕಿದ್ದು ಎಲ್ಲಿಗೆ ಹೋಯ್ತು ಮೇಡಂ?"

"ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಗೊಬ್ಬರ ಹಿಡ್ಕೊಂಡಿದೆ, ಬೇರಿಗೆ ಬಿಡ್ತಾ ಇಲ್ಲ. ಮರಳಿನ ತುಂಡಲ್ಲಿ ನೀರು ಇಳಿದು ಹೋಗೋವಾಗ ಬೇರು ಸಿಕ್ಕಷ್ಟು ಎಳ್ಕೊಂಡಿದೆ. ಆದ್ರೆ ಅಲ್ಲಿ ಮುಂದಿನ ಬೆಳೆಗೆ ಏನೂ ಉಳಿದಿರಲ್ಲ. ಹಿಡಿದುಕೊಳ್ಳೋದನ್ನ ನೋಡಿದ್ವಿ, ಬಿಡೋದನ್ನ ನೋಡಿರಲಿಲ್ಲ. ನಂಗೂ ಇಷ್ಟು ಬಿಗಿಯಾಗಿ ಹಿಡಿಯುತ್ತೆ ಅಂತ ಗೊತ್ತಿರಲಿಲ್ಲ."

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಜರಡಿಯಕ್ಕ ಆ ಮಧ್ಯಾಹ್ನವೆಲ್ಲ ಒಂದೇ ಚೀಲದ ಮಣ್ಣನ್ನು ಕುಟ್ಟುತ್ತ ಕೂತಳು. ಬೇಕಾದದ್ದಕ್ಕಿಂತ ನುಣ್ಣಗಾಗಿ ಹಿಟ್ಟಾಗಿಹೋಯಿತು, ಚೆಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ರಜೆ ಹಾಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸಿದಳು. ಮನೆಯಲ್ಲಿ ತಂಗಿ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಂದೆ ಅರ್ಧ ಬಿಡಿಸಿದ ಸೊಪ್ಪು. ಕಣ್ಣಿನ ಕೆಳಗೆ ಊತ, ಕೂದಲು ತೆಳ್ಳಗಾಗಿ ಬೈತಲೆ ಅಗಲವಾಗಿತ್ತು. ಮಾತಾಡಿದರೆ ಗಂಡಸಿನ ದನಿ.

"ಇದೇನೇ ಇದು, ಮೊದಲಿಗಿಂತ ಕೆಟ್ಟಿದ್ದೀಯ. ಮಾತ್ರೆ ತಗೋತಿದ್ದೀಯ ತಾನೇ?"

ತಂಗಿ ಗೂಡಿನ ಕಡೆ ನೋಡಿದಳು. ಡಬ್ಬಿ ಅಲ್ಲೇ ಇತ್ತು, ಮೇಲೆ ಧೂಳು ಕೂತಿತ್ತು.

"ಸೊಪ್ಪು ಬರುತ್ತಲ್ಲ ಅಂತ ನಿಲ್ಲಿಸಿದೆ. ನೀನೇ ಹೇಳಿದ್ಯಲ್ಲ, ನಂಗೂ ಸಿಗುತ್ತೆ ಅಂತ. ಮಾತ್ರೆ ತಗೊಂಡ್ರೆ ಅತ್ತೆ ರೋಗಿಷ್ಟೆ ಅಂತಾರೆ. ಸೊಪ್ಪು ತಿಂದ್ರೆ ಯಾರೇನು ಅಂತಾರೆ?"

ಜರಡಿಯಕ್ಕ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಬಿಟ್ಟು, ಅವಳ ಎದುರಿಗೇ ನೆಲದ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಸೊಪ್ಪಲ್ಲಿ ಅಯೋಡಿನ್ ಇಲ್ಲ. ಗೊಬ್ಬರ ಬಿಡುತ್ತಿಲ್ಲ. ನಾನು ಅರ್ಧ ತಿಳಿದುಕೊಂಡು ಪೂರ್ತಿ ಹೇಳಿದೆ.

ತಂಗಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು.

"ಅಂದ್ರೆ ನಾನು ಬೇಸಿಗೆಯೆಲ್ಲ ಹೊತ್ತಿದ್ದು ಅದನ್ನ ಬಚ್ಚಿಡೋಕೆ."

"ಬೈಯೇ ನನ್ನ. ಬೈದುಬಿಡು."

"ಬೈಯೋಕೂ ಶಕ್ತಿ ಬೇಕಲ್ಲಕ್ಕಾ," ಅಂದು ತಂಗಿ ಅಲ್ಲೇ ಪಕ್ಕಕ್ಕೆ ವಾಲಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಬಿಡಿಸಿದ ಸೊಪ್ಪು ಹಾಗೇ ಬಾಡಿತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ಒಳಗೆ ಬಂದು, ಗೂಡಿನಿಂದ ಡಬ್ಬಿ ತೆಗೆದು, ಧೂಳನ್ನು ಬಟ್ಟೆಯಲ್ಲಿ ಒರೆಸಿ ಜರಡಿಯಕ್ಕನ ಕೈಗೆ ಕೊಟ್ಟಳು.

"ಕರ್ಕೊಂಡು ಹೋಗಮ್ಮ. ಸರಿಯಾಗೋವರೆಗೂ ನಿನ್ನ ಹತ್ರ ಇಟ್ಕೋ. ಆಡು ನಾನು ನೋಡ್ಕೋತೀನಿ."

ವೈದ್ಯರು ಈ ಸಲ ಸಾವಧಾನದಿಂದ ಮಾತಾಡಲಿಲ್ಲ. ಬೈಸಿಕೊಂಡವಳು ಜರಡಿಯಕ್ಕ. ತಂಗಿ ಅವಳ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಕ್ಕ ಮಾತ್ರೆ ಕೊಟ್ಟು, ನುಂಗಿದ್ದನ್ನು ನೋಡಿಯೇ ಹೋಗುತ್ತಿದ್ದಳು. ಭಾವ ಸಂಜೆ ಬಂದವನು, "ಏನಮ್ಮಾ, ಇವತ್ತು ಎಷ್ಟು ಮೆಟ್ಟಿಲು ಹತ್ತಿದೆ?" ಎಂದು ಕೇಳುತ್ತಿದ್ದ. ಮೊದಮೊದಲು ತಂಗಿ ಉತ್ತರವನ್ನೂ ಕೊಡುತ್ತಿರಲಿಲ್ಲ. ನಿಧಾನಕ್ಕೆ ಮುಖದ ಊತ ಇಳಿಯಿತು, ಶಾಲು ಗೂಟಕ್ಕೆ ಹೋಯಿತು. ಒಂದು ಸಂಜೆ ಜರಡಿಯಕ್ಕ ಮನೆಗೆ ಬಂದಾಗ ಅಡುಗೆ ಆಗಿತ್ತು, ಪಾತ್ರೆ ತೊಳೆದಿತ್ತು, ತಂಗಿ ಭಾವನ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದಳು. ಅವತ್ತು ಜರಡಿಯಕ್ಕ ಕೈಕಾಲೂ ತೊಳೆಯದೆ ಹಾಸಿಗೆಗೆ ಬಿದ್ದು, ಊಟಕ್ಕೆ ಎಬ್ಬಿಸಿದರೂ ಏಳದೆ ನಿದ್ದೆ ಮಾಡಿದಳು.

ಮರುವರ್ಷ ಮೇಡಂ ಕ್ರಮ ಬದಲಿಸಿದರು. ಬರಿಯ ತುಂಡನ್ನು ಎರಡು ಮಾಡಿ, ಅರ್ಧಕ್ಕೆ ಚೆನ್ನಾಗಿ ಕಳಿತ ಹಳೇ ಗೊಬ್ಬರ, ಅದೂ ತೆಳ್ಳಗೆ. ಅಯೋಡಿನ್ನನ್ನು ಒಂದೇ ಸಲ ಸುರಿಯುವ ಬದಲು, ಎಲೆ ಬಿಡುವ ಕಾಲದಿಂದ ಪ್ರತಿ ನೀರಿನ ಜೊತೆ ಸ್ವಲ್ಪ ಸ್ವಲ್ಪ. ಫಲ ಕುಣಿದಾಡುವಂಥದ್ದೇನಲ್ಲ, ಆದರೆ ಎಲೆಯಲ್ಲಿ ಅಯೋಡಿನ್ ಬಂದಿತ್ತು. ಹಿಂದಿನ ವರ್ಷದ ಕಪ್ಪು ತುಂಡಿಗೆ ಆ ಸಲ ಏನೂ ಕೊಡಲಿಲ್ಲ. ಆದರೂ ಅದರ ಹುಲ್ಲಿನಲ್ಲಿ ಮೊದಲಿಗಿಂತ ಚೂರು ಹೆಚ್ಚೇ ಇತ್ತು. ಗೊಬ್ಬರ ಬಿಸಿಲಿಗೆ ಕರಗಿದಂತೆಲ್ಲ ಹಿಡಿದಿದ್ದನ್ನು ಒಂದಿಷ್ಟಿಷ್ಟೇ ಬಿಡುತ್ತಿರಬೇಕು ಎಂದರು ಮೇಡಂ. ಇನ್ನೂ ಎರಡು ವರ್ಷ ನೋಡದೆ ಖಚಿತವಾಗಿ ಹೇಳಲಾಗದು ಎಂದೂ ಸೇರಿಸಿದರು. ಆ ಎರಡು ವರ್ಷ ಅವರಿಗೆ ಸಿಗಲಿಲ್ಲ. ವರ್ಗಾವಣೆ ಬಂತು. ಹೊರಡುವ ದಿನ ಹಿಂದಿನ ಕೋಣೆಗೆ ಬಂದು ಜರಡಿಯಕ್ಕನ ಧೂಳು ಕೈಯನ್ನೇ ಹಿಡಿದು ಬೀಳ್ಕೊಂಡರು. ಅವರ ಜಾಗಕ್ಕೆ ಬಂದ ಸಾಹೇಬರಿಗೆ ಅಯೋಡಿನ್ ಮೇಲೆ ಮನಸ್ಸಿರಲಿಲ್ಲ. ಕೊಳವೆಗಳು ಅಟ್ಟ ಸೇರಿದವು.

ತಂಗಿ ಹಳ್ಳಿಗೆ ಮರಳಿದ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಟ್ಯಾಂಕರಿನಲ್ಲೇ ನೋಡಲು ಹೋದರು. ಕೊಟ್ಟಿಗೆಯಲ್ಲಿ ಆಡುಗಳು ಮರಿ ಹಾಕುತ್ತಿದ್ದ ಕಾಲ. ಒಂದು ಸತ್ತಿತ್ತು. ಉಳಿದವು ಮೈತುಂಬ ಕೂದಲಿಟ್ಟುಕೊಂಡು ತಾಯಿಯ ಹೊಟ್ಟೆಗೆ ಗುದ್ದುತ್ತ ಹಾಲು ಕುಡಿಯುತ್ತಿದ್ದವು. ಮೇವಿನಿಂದ ಬದುಕಿದವೋ, ಅತ್ತೆ ಅವುಗಳ ನೀರಿಗೂ ಅಂಗಡಿಯ ಉಪ್ಪನ್ನೇ ಹಾಕತೊಡಗಿದ್ದರಿಂದ ಬದುಕಿದವೋ, ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ತಂಗಿಯ ಕತ್ತಿನ ಉಬ್ಬು ಪೂರ್ತಿ ಹೋಗಿರಲಿಲ್ಲ. ಹೋಗುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು.

"ಸುಸ್ತು ಹೇಗಿದೆ?" ಎಂದು ಅಕ್ಕ ಕೇಳಿದಳು.

"ಆಗುತ್ತೆ. ಆದ್ರೆ ಈಗ ಮಲಗಿದ್ರೆ ಹೋಗುತ್ತೆ," ಅಂದಳು ತಂಗಿ, ಮರಿಯೊಂದರ ಬಾಯಿಗೆ ಮೊಲೆ ಹಿಡಿಸುತ್ತ.

ಭಾವ ತೊಟ್ಟಿಗೆ ನೀರು ಬಿಡುತ್ತಿದ್ದ. ಅತ್ತೆ ಹೊಲದ ಕಡೆಯಿಂದ ಬಂದು ಜರಡಿಯಕ್ಕನ ಪಕ್ಕ ಜಗಲಿಯ ಮೇಲೆ ಕೂತಳು. ಕೈಯಲ್ಲಿ ಒಂದು ಹಿಡಿ ಮಣ್ಣು.

"ಇದು ಬೇಲಿಯಾಚೆ ಬೀಳು ಬಿಟ್ಟಿದ್ದ ಮೂಲೆಯದು. ಅಲ್ಲೂ ಮೇವು ಹಾಕೋಣ ಅಂತ. ಇದಕ್ಕೆ ಎಷ್ಟು ಗೊಬ್ಬರ ಹಾಕ್ಬೇಕು, ಹೇಳಮ್ಮ. ನೀನು ಹೇಳಿದಷ್ಟು ಹಾಕ್ತೀನಿ."

ಜರಡಿಯಕ್ಕ ಆ ಮಣ್ಣನ್ನು ಅಂಗೈಗೆ ಹಾಕಿಸಿಕೊಂಡು ಬೆರಳಲ್ಲಿ ಉಜ್ಜಿದಳು. ಮರಳು, ಅದರಲ್ಲಿ ಒಂದೆರಡು ಒಣ ಬೇರು. ಉತ್ತರ ಕಾಯುತ್ತ ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲಮ್ಮ," ಅಂದಳು. "ನಿಜವಾಗ್ಲೂ ಗೊತ್ತಿಲ್ಲ. ಒಂದು ಮಡಿ ಮಾಡಿ ಸ್ವಲ್ಪ ಹಾಕಿ ನೋಡೋಣ. ಮಾತ್ರೆ ಮಾತ್ರ ಬಿಡಿಸಬೇಡಿ."